ಎರಡು ಸಲ ನೋಡಬೇಕಾದ ಹೊಳೆ

ಗೋಕಾಕವೆಂಬ ಹೆಸರನ್ನು ಕೇಳದ ಕನ್ನಡಿಗರಿಲ್ಲ. ಆ ಊರನ್ನು ಕಣ್ಣಾರೆ ಕಂಡವರು ಮಾತ್ರ ಕಡಿಮೆ. ಹಲವರಿಗೆ ಅದು ವಿನಾಯಕ ಕೃಷ್ಣ ಗೋಕಾಕರ ಹೆಸರು. 1982ರಲ್ಲಿ ನಾಡನ್ನೆಲ್ಲ ಬೀದಿಗಿಳಿಸಿದ ಭಾಷಾ ಚಳವಳಿಯ ಹೆಸರು. ಆ ಕವಿ ಹುಟ್ಟಿದ್ದು ಸವಣೂರಿನಲ್ಲಿ, ಗೋಕಾಕವೆಂಬುದು ಅವರ ಮನೆತನದ ಹೆಸರು ಮಾತ್ರವೆಂದು ತಿಳಿದಾಗ ಅನೇಕರು ಹುಬ್ಬೇರಿಸುತ್ತಾರೆ. ಇನ್ನು ಕೆಲವರಿಗೆ ಗೋಕಾಕವೆಂದರೆ ಕರದಂಟು. ಉಳಿದವರಿಗೆ ಅದು ಗೋಡೆಯ ಕ್ಯಾಲೆಂಡರಿನ ಮೇಲೆ ವರ್ಷವಿಡೀ ಧುಮುಕುತ್ತಿರುವ ಒಂದು ಜಲಪಾತ.

ಈ ಕ್ಯಾಲೆಂಡರುಗಳು ಮಾಡುವ ಮೋಸ ಅಷ್ಟಿಷ್ಟಲ್ಲ. ಜನವರಿಯಿಂದ ಡಿಸೆಂಬರಿನವರೆಗೆ ಅವುಗಳಲ್ಲಿ ಮಳೆಗಾಲವೇ. ಶಾಲೆಗಳಿಗೆ ರಜೆ ಬರುವುದಾದರೋ ಬೇಸಿಗೆಯಲ್ಲಿ. ಹೀಗಾಗಿ ಮೇ ತಿಂಗಳ ಬಿಸಿಲಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಗೋಕಾಕಕ್ಕೆ ಬಂದು, ಕರಿಬಂಡೆಯನ್ನು ನೋಡಿ, ಮುಖ ಸಣ್ಣಗೆ ಮಾಡಿಕೊಂಡು ಹಿಂದಿರುಗುವ ಸಂಸಾರಗಳು ಪ್ರತಿವರ್ಷವೂ ಕಾಣಸಿಗುತ್ತವೆ.

ಅಂಥದೇ ಒಂದು ಸಂಸಾರ ಇತ್ತೀಚಿನ ಒಂದು ಬೇಸಿಗೆಯಲ್ಲಿ ಬೆಂಗಳೂರಿನಿಂದ ಬಂದಿತ್ತು. ಯಜಮಾನ ಬ್ಯಾಂಕಿನ ನೌಕರ. ಹುಟ್ಟೂರು ಮೂಡಲಗಿಯ ಕಡೆಯ ಒಂದು ಹಳ್ಳಿ. ತಂದೆತಾಯಿ ಇನ್ನೂ ಅಲ್ಲಿಯೇ ಹೊಲಮನೆ ನೋಡಿಕೊಂಡಿದ್ದಾರೆ. ಹೆಂಡತಿ ಮೈಸೂರಿನ ಕಡೆಯವಳು. ಮಗನಿಗೆ ಹನ್ನೆರಡು ವರ್ಷ, ಮಗಳಿಗೆ ಒಂಬತ್ತು. ಬೇಸಿಗೆಯಲ್ಲಿ ಜಲಪಾತದಲ್ಲಿ ನೀರಿರುವುದಿಲ್ಲವೆಂಬುದು ಆ ನೆಲದಲ್ಲಿ ಬೆಳೆದ ಯಜಮಾನನಿಗೆ ತಿಳಿಯದ್ದೇನಲ್ಲ. ಮಕ್ಕಳ ಹಟ ತಡೆಯಲಾರದೆ ಅವನು ಒಂದು ಉಪಾಯ ಹೂಡಿದ. ಮಳೆಗಾಲದಲ್ಲಿ ಕಾಣದ, ಬೇಸಿಗೆಯಲ್ಲಿ ಮಾತ್ರ ಕಾಣುವ ಒಂದು ದ್ವೀಪವನ್ನು ಮೊದಲು ತೋರಿಸುವೆನೆಂದ. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ನೀರಿಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಮೇಲೇಳುತ್ತದೆ. ಆರಂಭದಲ್ಲಿ ಸುತ್ತಲೂ ನೀರು, ನಡುವೆ ಕಲ್ಲಿನ ಗುಡಿ. ನೀರು ಇನ್ನೂ ಇಳಿದರೆ ಕಾಲ್ನಡಿಗೆಯಲ್ಲೇ ಹೋಗಬಹುದು. ಮಳೆ ಹಿಡಿದು ಜಲಾಶಯ ತುಂಬತೊಡಗಿತೆಂದರೆ ಗುಡಿ ಮತ್ತೆ ಕಾಣೆ.

ಮಕ್ಕಳು ಕುಣಿದಾಡಿದರು. ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಅಜ್ಜಿಯನ್ನು ಆ ಮನೆಯಲ್ಲಿ ಮಕ್ಕಳೆಲ್ಲ ಆಯಿ ಎಂದು ಕರೆಯುತ್ತಾರೆ. ಆಯಿ ಮಾತ್ರ ತಲೆಯೆತ್ತದೆ ಹೇಳಿದಳು:

“ಅದು ದ್ವೀಪ ಅಲ್ಲೋ ತಮ್ಮಾ. ಅದು ಊರು.”

ಆಯಿಯ ತವರೂರು ಆ ನೀರಿನ ಅಡಿಯಲ್ಲಿದೆ.

ಈ ಸಂಗತಿ ಮನೆಯಲ್ಲಿ ಗುಟ್ಟೇನೂ ಆಗಿರಲಿಲ್ಲ. ಆದರೆ ಪದೇ ಪದೇ ಆಡುವ ಮಾತೂ ಆಗಿರಲಿಲ್ಲ. ಘಟಪ್ರಭಾ ಹೊಳೆಗೆ ಹಿಡಕಲ್ ಬಳಿ ಕಟ್ಟಿದ ಅಣೆಕಟ್ಟು 1977ರಲ್ಲಿ ಪೂರ್ಣಗೊಂಡಿತು. ಅದಕ್ಕೆ ವಂಟಮುರಿಯ ರಾಜಾ ಲಖಮಗೌಡರ ಹೆಸರಿಟ್ಟಿದ್ದಾರೆ. ಅದು ಹಿಡಿಯುವ ನೀರು ಸುಮಾರು 51 ಟಿ.ಎಂ.ಸಿ. ಅಷ್ಟು ನೀರಿಗೆ ಜಾಗವನ್ನು ಬಿಟ್ಟುಕೊಟ್ಟ ಹಳ್ಳಿಗಳಲ್ಲಿ ಆಯಿಯ ತವರೂ ಒಂದು. ಆಕೆ ಅದಕ್ಕೆ ಕೆಲವು ವರ್ಷ ಮೊದಲೇ ಮದುವೆಯಾಗಿ ಮೂಡಲಗಿ ಸೀಮೆಗೆ ಬಂದಿದ್ದಳು. ಅಣ್ಣತಮ್ಮಂದಿರು ಪರಿಹಾರದ ಹಣ ಹಿಡಿದು ದಿಕ್ಕಿಗೊಬ್ಬರಾದರು. ಹೆಣ್ಣುಮಗಳಿಗೆ ತವರೆಂಬುದು ಒಂದು ಮನೆ, ಒಂದು ಬಾವಿ, ಒಂದು ಓಣಿ. ಅವು ಮೂರೂ ಹೋದ ಮೇಲೆ ಆಕೆ ಆ ದಿಕ್ಕಿಗೆ ಕಾಲಿಟ್ಟಿರಲಿಲ್ಲ. ಪ್ರತಿ ಬೇಸಿಗೆಯಲ್ಲೂ ಗುಡಿ ಕಂಡಿತೆಂಬ ಸುದ್ದಿ ಬರುತ್ತಿತ್ತು. ನೆರೆಹೊರೆಯವರು ಟ್ರ್ಯಾಕ್ಟರ್ ಮಾಡಿಕೊಂಡು ಹೋಗಿಬರುತ್ತಿದ್ದರು. ಆಯಿಗೆ ಮಾತ್ರ ಒಂದು ವರ್ಷ ಮೊಣಕಾಲು ನೋವು, ಇನ್ನೊಂದು ವರ್ಷ ಹಪ್ಪಳ ಶಾವಿಗೆಯ ಕೆಲಸ.

ಇದರಲ್ಲೊಂದು ವಿಚಿತ್ರವಿದೆ. ಆಯಿಯ ತವರನ್ನು ಮುಳುಗಿಸಿದ ನೀರೇ ಆಕೆಯ ಗಂಡನ ಹೊಲಕ್ಕೆ ಬರುತ್ತದೆ. ಹಿಡಕಲ್ಲಿನಿಂದ ಬಿಟ್ಟ ನೀರು ಹೊಳೆಯಲ್ಲಿ ಹರಿದು ಧೂಪದಾಳದ ಒಡ್ಡಿಗೆ ಬಂದು, ಅಲ್ಲಿಂದ ಘಟಪ್ರಭಾ ಎಡದಂಡೆ ಕಾಲುವೆಯನ್ನು ಹಿಡಿದು ಮೂಡಲಗಿ, ಮುಧೋಳಗಳ ಕಡೆಗೆ ಸಾಗುತ್ತದೆ. ಒಂದು ಕಾಲಕ್ಕೆ ಬಿಳಿಜೋಳ ಬೆಳೆದು ಮಳೆಗಾಗಿ ಆಕಾಶ ನೋಡುತ್ತಿದ್ದ ಕರಿಯ ಎರೆಭೂಮಿಯಲ್ಲಿ ಇಂದು ಆಳೆತ್ತರದ ಕಬ್ಬು ನಿಂತಿದೆ. ಮಕ್ಕಳು ಮುತ್ಯಾ ಎಂದು ಕರೆಯುವ ಆ ಮನೆಯ ಹಿರಿಯ, ಕಾಲುವೆಗೆ ನೀರು ಬಂದಾಗಲೆಲ್ಲ ಹೆಂಡತಿಯನ್ನು ಚುಡಾಯಿಸುತ್ತಿದ್ದ: “ನೋಡು, ನಿನ್ನ ತವರುಮನಿ ನಮ್ಮ ಹೊಲಕ್ಕ ಬಂತು.” ಆಯಿ ಕೆಲವು ಸಲ ನಗುತ್ತಿದ್ದಳು, ಕೆಲವು ಸಲ ಒಳಗೆ ಹೋಗಿಬಿಡುತ್ತಿದ್ದಳು. ಆ ಕಬ್ಬಿನ ದುಡ್ಡಿನಲ್ಲಿಯೇ ಮಗ ಓದಿ ಬ್ಯಾಂಕಿನ ನೌಕರನಾದದ್ದು.

ಹೊರಡುವ ದಿನ ಬೆಳಗ್ಗೆ ಎಲ್ಲರಿಗೂ ಆಶ್ಚರ್ಯ ಕಾದಿತ್ತು. ಆಯಿ ಇಳಕಲ್ಲ ಸೀರೆಯುಟ್ಟು, ರೊಟ್ಟಿ, ಶೇಂಗಾ ಚಟ್ನಿ, ಎಣಗಾಯಿ, ಮೊಸರಿನ ಬುತ್ತಿ ಕಟ್ಟಿಕೊಂಡು ಎಲ್ಲರಿಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಬುತ್ತಿಯ ಜೊತೆಗೆ ಒಂದು ಸಣ್ಣ ಗಂಟೂ ಇತ್ತು. ಅದರಲ್ಲೇನಿದೆಯೆಂದು ಯಾರೂ ಕೇಳಲಿಲ್ಲ.

ಮೊದಲು ಹುಕ್ಕೇರಿ. ಇದೊಂದು ಹಳೆಯ ಪೇಟೆಯ ಊರು. ಹೂವಿನ ಕೇರಿ ಎಂಬುದೇ ಹುಕ್ಕೇರಿಯಾಯಿತೆಂದು ಊರವರು ಹೇಳುತ್ತಾರೆ. ಇಲ್ಲಿಯ ಗುಲಾಬಿ ವಿಜಾಪುರದ ದರಬಾರಿಗೆ ಹೋಗುತ್ತಿತ್ತಂತೆ. ಆ ಮಾತು ಹಾಗಿರಲಿ, ಆದಿಲಶಾಹಿ ಕಾಲದ ಗುಮ್ಮಟಗಳಂತೂ ಊರಿನ ಅಂಚಿನಲ್ಲಿ ಇಂದಿಗೂ ನಿಂತಿವೆ. ವಿಜಾಪುರದ ಗೋಲಗುಮ್ಮಟವನ್ನು ನೋಡಿದವರಿಗೆ ಇವು ಅದರ ಮುಂದೆ ಪುಟ್ಟ ಮಕ್ಕಳಂತೆ ಕಂಡಾವು. ಆದರೆ ಟಿಕೇಟಿನ ಸಾಲಿಲ್ಲದೆ, ಮಾರ್ಗದರ್ಶಿಯ ಕಂಠಪಾಠವಿಲ್ಲದೆ, ಗೋಡೆಯ ನೆರಳಿನಲ್ಲಿ ಕುಳಿತು ಪಾರಿವಾಳಗಳ ಸದ್ದು ಕೇಳುವ ಸುಖ ದೊಡ್ಡ ಸ್ಮಾರಕಗಳಲ್ಲಿ ಎಲ್ಲಿ ಸಿಗಬೇಕು? ಹುಕ್ಕೇರಿಗೆ ಇನ್ನೊಂದು ಹೆಗ್ಗಳಿಕೆಯೂ ಉಂಟು. ರೈತರೇ ಸದಸ್ಯರಾಗಿ ಮನೆಮನೆಗೆ, ಪಂಪ್‌ಸೆಟ್ಟಿಗೆ ವಿದ್ಯುತ್ ಹಂಚುವ ಸಹಕಾರಿ ಸಂಘವೊಂದು 1969ರಲ್ಲಿ ಇಲ್ಲಿ ಹುಟ್ಟಿತು. ಆಯಿಗೆ ಇದಾವುದರ ಲಕ್ಷ್ಯವಿರಲಿಲ್ಲ. ಸಂತೆಯ ಬೀದಿಯನ್ನು ದಾಟುವಾಗ ಮಾತ್ರ, “ನನ್ನ ಮದವಿ ಬಳಿ ಇಲ್ಲೇ ಇಟ್ಟಿದ್ರು” ಎಂದು ಕಿಟಕಿಯಿಂದ ಕೈತೋರಿಸಿದಳು. ಅಲ್ಲಿ ಈಗ ಮೊಬೈಲಿನ ಅಂಗಡಿ.

ಹಿಡಕಲ್ಲಿನ ಹಿನ್ನೀರು ಮೇ ತಿಂಗಳಲ್ಲಿ ನೋಡಲು ಸುಂದರವಾದ ದೃಶ್ಯವೇನಲ್ಲ. ನೀರು ಹಿಂದೆ ಸರಿದ ನೆಲ ಒಣಗಿ, ಬಿರಿದು, ಚದರ ಚದರವಾಗಿ ಎದ್ದಿತ್ತು. ಗುಡಿಗೆ ಮೂರು ಕಡೆ ನೀರು, ಒಂದು ಕಡೆ ದಾರಿ. ಹದಿನೈದು ದಿನ ಮೊದಲು ಬಂದಿದ್ದರೆ ಸುತ್ತಲೂ ನೀರೇ ಇತ್ತೆಂದು ಬಲೆ ಒಣಹಾಕುತ್ತಿದ್ದ ಮೀನುಗಾರನೊಬ್ಬ ಹೇಳಿದ. ದ್ವೀಪ ನೋಡಲು ಬಂದಿದ್ದ ಹುಡುಗನಿಗೆ ಸ್ವಲ್ಪ ನಿರಾಶೆ. ಬಂದ ಜನರೇನು ಕಡಿಮೆಯಿರಲಿಲ್ಲ. ಗುಡಿಯ ಮುಂದೆ ನಿಂತು ಪಟ ತೆಗೆಸಿಕೊಳ್ಳುವವರು, ಐಸ್‌ಕ್ಯಾಂಡಿ ಮಾರುವವರು, ಎಲ್ಲ ಸೇರಿ ಅದೊಂದು ಸಣ್ಣ ಜಾತ್ರೆ.

ವರ್ಷದ ಬಹುಪಾಲು ನೀರಿನಲ್ಲಿದ್ದರೂ ಕಲ್ಲಿನ ಗುಡಿ ಅಲುಗದೆ ನಿಂತಿದೆ. ಹುಡುಗಿ ಕಂಬವನ್ನು ಮುಟ್ಟಿ ನೋಡಿ, “ಇನ್ನೂ ತಣ್ಣಗಿದೆ” ಎಂದಳು. ಆಯಿ ಗುಡಿಯೊಳಗೆ ಹೋಗದೆ ನೀರಿನ ಕಡೆ ಮುಖಮಾಡಿ ನಿಂತಳು. ಚಿಕ್ಕಂದಿನಲ್ಲಿ ಆಷಾಢ ಏಕಾದಶಿಗೆ ತನ್ನ ಊರಿನಿಂದ ಈ ಗುಡಿಗೆ ನಡೆದುಕೊಂಡು ಬರುತ್ತಿದ್ದವಳು ಆಕೆ. ಕಣ್ಣಿಗೆ ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿ, ನಡುನೀರಿನಲ್ಲಿ ಒಂದು ಕಡೆಗೆ ಬೆರಳು ಮಾಡಿದಳು.

“ಅಲ್ಲಿ ಬಾವಿ ಇತ್ತು. ಅದರ ಹಿಂದ ನಮ್ಮ ಮನಿ.”

ಎಲ್ಲರೂ ಆ ಕಡೆ ನೋಡಿದರು. ಅಲ್ಲಿ ನೀರಿನ ಮೇಲೆ ಬಿಸಿಲು ಹೊಳೆಯುತ್ತಿತ್ತು, ಬೇರೇನೂ ಇರಲಿಲ್ಲ. ಗುಡಿ ಎತ್ತರದಲ್ಲಿದ್ದುದರಿಂದ ಕಂಡಿತು. ಆಯಿಯ ಊರು ತಗ್ಗಿನದು, ಯಾವ ಬೇಸಿಗೆಗೂ ಅದು ಹೊರಗೆ ಬಂದಂತಿಲ್ಲ.

ಆಗ ಆಯಿ ತನ್ನ ಗಂಟನ್ನು ಬಿಚ್ಚಿದಳು. ಗುಳೇದಗುಡ್ಡದ ಖಣ, ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ, ಅರಿಷಿಣದ ಬೇರು, ಎಲೆಯಡಿಕೆ. ತವರಿಗೆ ಹೋದ ಮಗಳಿಗೆ ಉಡಿ ತುಂಬಿ ಕಳಿಸುವುದು ಆ ಸೀಮೆಯ ರೂಢಿ. ಉಡಿ ತುಂಬಿಸಿಕೊಳ್ಳದೆ ತವರಿನ ಹೊಸ್ತಿಲನ್ನು ದಾಟಬಾರದು. ತುಂಬುವ ತಾಯಿಯಾಗಲಿ, ಅತ್ತಿಗೆಯರಾಗಲಿ ಅಲ್ಲಿಲ್ಲ. ಸೊಸೆಗೆ ಇದೊಂದೂ ತಿಳಿಯದು; ಅವಳ ಕಡೆ ಮಡಿಲು ತುಂಬುವ ಕ್ರಮವೇ ಬೇರೆ.

“ನೀನs ತುಂಬವ್ವಾ. ನಾ ಹೇಳ್ತೀನಿ, ಹಂಗ ಮಾಡು,” ಎಂದು ಆಯಿ ಸೆರಗನ್ನು ಒಡ್ಡಿ ಗುಡಿಯ ಮೆಟ್ಟಿಲ ಮೇಲೆ ಕುಳಿತಳು.

ಸೊಸೆ ಅತ್ತೆಯ ಮಾತಿನಂತೆ ಮೊದಲು ಅರಿಷಿಣ ಕುಂಕುಮವಿಟ್ಟು, ಬೊಗಸೆಯಲ್ಲಿ ಅಕ್ಕಿಯನ್ನು ಐದು ಸಲ ಸೆರಗಿಗೆ ಸುರಿದು, ಮೇಲೆ ಖಣವನ್ನಿಟ್ಟಳು. ಎರಡನೆಯ ಸಲ ಅವಳ ಕೈ ನಡುಗಿ ಒಂದಿಷ್ಟು ಅಕ್ಕಿ ಮೆಟ್ಟಿಲ ಮೇಲೆ ಬಿತ್ತು. “ಬೀಳಲಿ ಬಿಡು, ಮೀನ ತಿಂತಾವ,” ಎಂದಳು ಆಯಿ. ಪಟ ತೆಗೆಯಲು ಬಂದಿದ್ದವರಲ್ಲಿ ಒಂದಿಬ್ಬರು ನಿಂತು ನೋಡಿ, ಏನನ್ನಿಸಿತೋ, ಆ ಕಡೆಗೆ ಹೋದರು. ಯಜಮಾನ ನೀರಿನ ಅಂಚಿಗೆ ನಡೆದು ಬೆನ್ನು ತಿರುಗಿಸಿ ನಿಂತಿದ್ದ. ಗುಡಿಯ ನೆರಳಿನಲ್ಲಿ ಬುತ್ತಿ ಬಿಚ್ಚಿದಾಗ ಎಲ್ಲರಿಗಿಂತ ಹೆಚ್ಚು ಉಂಡವಳು ಆಯಿಯೇ.

ಅಲ್ಲಿಂದ ಹೊಳೆಯ ಜಾಡು ಹಿಡಿದು ಕೆಳಗಿಳಿದರೆ ಧೂಪದಾಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಕಲ್ಲಿನ ಒಡ್ಡು ಇದು. ಇದರ ಹಿನ್ನೀರು, ನಡುಗಡ್ಡೆಗಳು ಸೇರಿ 1974ರಿಂದ ಪಕ್ಷಿಧಾಮವಾಗಿದೆ. ದೂರದೇಶದ ಕ್ರೌಂಚಗಳು ಬರುವುದು ಚಳಿಗಾಲದಲ್ಲಿ. ಮೇ ತಿಂಗಳಲ್ಲಿ ಅವುಗಳ ಸುದ್ದಿಯಿಲ್ಲ. ಇಲ್ಲಿ ನೋಡಬೇಕಾದದ್ದು ಕಾಲುವೆ. ಹೊಳೆಯ ನೀರು ಇಲ್ಲಿ ದಾರಿ ಬದಲಿಸಿ ಹೊಲಗಳ ಕಡೆ ತಿರುಗುತ್ತದೆ. ಇನ್ನು ಕೆಲವೇ ಮೈಲಿ ಮುಂದೆ ಜಲಪಾತ.

ಜಲಪಾತದಲ್ಲಿ ನೀರಿರಲಿಲ್ಲ. ಬಂಡೆಯ ಮೂಲೆಯಲ್ಲಿ ಒಂದು ಬೆಳ್ಳಿಯ ಗೆರೆ ಇಳಿಯುತ್ತಿತ್ತು, ಅಷ್ಟೆ. ಕುದುರೆಯ ಲಾಳದಂತೆ ಬಾಗಿದ ಮರಳುಗಲ್ಲಿನ ಅಂಚು. 52 ಮೀಟರಿನ ಆಳ. ಕೆಳಗೆ ಹಸಿರು ಬಣ್ಣದ ಮಡು. ಹುಡುಗ ಕ್ಯಾಲೆಂಡರಿನ ಚಿತ್ರವನ್ನು ನೆನೆಸಿಕೊಂಡು ಅಪ್ಪನ ಮುಖ ನೋಡಿದ.

“ನೀರು ಎಲ್ಲಿ ಹೋಯ್ತು, ಆಯಿ?”

“ಎಲ್ಲಿ ಹೋಗ್ತೈತಿ? ನಿಮ್ಮ ಮುತ್ಯಾನ ಕಬ್ಬಿನಾಗ ಐತಿ.”

ನೀರಿಲ್ಲದ ಜಲಪಾತಕ್ಕೂ ಒಂದು ಶೋಭೆಯುಂಟು. ಮಳೆಗಾಲದಲ್ಲಿ ತುಂತುರಿನ ತೆರೆಯಲ್ಲಿ ಮರೆಯಾಗುವುದೆಲ್ಲ ಆಗ ನಿಚ್ಚಳವಾಗಿ ಕಾಣುತ್ತದೆ. ದಂಡೆಯ ಮೇಲಿನ ಮಹಾಲಿಂಗೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಅದರ ಕಂಬಗಳ ಕೆತ್ತನೆಯನ್ನು ಸಾವಕಾಶವಾಗಿ ನೋಡಬಹುದು. ಬಂಡೆಯ ಹಾಸಿನಿಂದ ಸುಮಾರು 14 ಮೀಟರು ಎತ್ತರದಲ್ಲಿ, 200 ಮೀಟರಿನಷ್ಟು ಉದ್ದಕ್ಕೆ ತೂಗುಸೇತುವೆ ಚಾಚಿದೆ. ಎದುರಿಗೆ ಗಿರಣಿ. 1885ರಲ್ಲಿ ಸ್ಥಾಪನೆಯಾದ ಗೋಕಾಕ ಗಿರಣಿ ಎರಡು ವರ್ಷಗಳಲ್ಲಿ ಈ ಜಲಪಾತದ ಬಲದಿಂದಲೇ ತನ್ನ ಯಂತ್ರಗಳನ್ನು ತಿರುಗಿಸಿ ನೂಲು ತೆಗೆಯತೊಡಗಿತು. ಧುಮುಕುವ ನೀರನ್ನು ಕಂಡು ಕವಿಗಳು ಹಾಡುತ್ತಾರೆ. ವ್ಯಾಪಾರಿಗಳು ಗಿರಣಿ ಹಾಕುತ್ತಾರೆ. ರೈತರು ಕಾಲುವೆ ತೋಡುತ್ತಾರೆ. ಘಟಪ್ರಭೆ ಈ ಮೂವರಿಗೂ ಇಲ್ಲವೆಂದಿಲ್ಲ.

ಜಲಪಾತ ನೋಡಿದವರು ಸಾಮಾನ್ಯವಾಗಿ ಅಲ್ಲಿಂದಲೇ ಹಿಂತಿರುಗುತ್ತಾರೆ. ಇದು ದೊಡ್ಡ ತಪ್ಪು. ಗೋಕಾಕದ ಪೇಟೆ ಅಲ್ಲಿಂದ ಆರೇಳು ಕಿಲೋಮೀಟರು ಅಷ್ಟೆ. ಗುಡ್ಡದ ಮಗ್ಗುಲಲ್ಲಿ, ಹೊಳೆಯ ಬದಿಯಲ್ಲಿ ಬೆಳೆದ ಈ ಹಳೆಯ ಊರಿಗೆ ಸುತ್ತಲಿನ ಹಳ್ಳಿಗಳ ಹತ್ತಿ, ಬೆಲ್ಲ, ಕಾಳುಕಡಿ ತಲೆಮಾರುಗಳಿಂದ ಬಂದಿವೆ. ಕರದಂಟಿನ ಅಂಗಡಿಗಳ ಸಾಲಿನಲ್ಲಿ ಯಾವ ಅಂಗಡಿ ಹಳೆಯದೆಂಬ ವಾದ ಎಂದೂ ಮುಗಿಯುವುದಿಲ್ಲ. ಅಂಟನ್ನು ತುಪ್ಪದಲ್ಲಿ ಕರಿದು, ಬೆಲ್ಲದ ಪಾಕಕ್ಕೆ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಬೆರೆಸಿ ಮಾಡುವ ಈ ತಿಂಡಿ ಮೊದಲು ಬಾಣಂತಿಯರ ಪಥ್ಯ. ಆಮೇಲೆ ಎಲ್ಲರ ಚಟ. ಕರಿದ ಅಂಟೇ ಕರದಂಟು.

ಪೇಟೆಯ ಇನ್ನೊಂದು ಹೆಸರು ಗೊಂಬೆಗಳದು. ಹಗುರವಾದ ಮರ, ಮಣ್ಣುಗಳಲ್ಲಿ ಜೀನಗಾರರ ಮನೆತನಗಳು ಮಾಡುವ ಹಣ್ಣು ಕಾಯಿಗಳನ್ನು ನೋಡಿ ನಿಜವೆಂದು ಕೈಹಾಕಿದವರುಂಟು. ಈಗ ಅಂಥ ಮನೆಗಳು ವಿರಳ. ಪ್ಲಾಸ್ಟಿಕ್ಕಿನ ಹಣ್ಣು ಅಗ್ಗ. ಮರಕ್ಕೆ ಬಣ್ಣ ಕೊಡುವ ಕೈಗೆ ಕೂಲಿ ಹುಟ್ಟುವುದು ಕಷ್ಟ. ಅಂಗಡಿಯೊಂದರಲ್ಲಿ ಹುಡುಗಿ ಒಂದು ಬಾಳೆಹಣ್ಣನ್ನೂ ಒಂದು ಸೀತಾಫಲವನ್ನೂ ಆರಿಸಿದಳು. ಸೀತಾಫಲದ ಒಂದು ಮಗ್ಗುಲಲ್ಲಿ ಬಣ್ಣ ಮಾಸಿತ್ತು. ಅಂಗಡಿಯ ಮುದುಕ ಗೋಡೆಯ ಮೇಲೆ ಎದೆಯ ಮಟ್ಟಕ್ಕಿದ್ದ ಒಂದು ಮಸುಕು ಗೆರೆಯನ್ನು ತೋರಿಸಿದ. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಏರಿ ಬಂದು ಊರೊಳಗೆ ನುಗ್ಗಿದಾಗ ನೀರು ಅಲ್ಲಿಯವರೆಗೆ ನಿಂತಿತ್ತಂತೆ. ಲೋಳಸೂರಿನ ಸೇತುವೆ ಮುಳುಗಿತ್ತು; ಊರಿಗೂ ಹೊರಗಿನ ಲೋಕಕ್ಕೂ ದಾರಿ ತಪ್ಪಿ ಪೇಟೆಯೇ ಒಂದು ನಡುಗಡ್ಡೆಯಾಗಿತ್ತು. ಗೊಂಬೆಗಳೆಲ್ಲ ಅಂಗಡಿಯೊಳಗೆ ತೇಲಾಡಿದವೆಂದು ಅವನು ಹೇಳಿದಾಗ ಮಕ್ಕಳು ನಕ್ಕರು, ಅವನೂ ನಕ್ಕ.

ಆಯಿ ನಗಲಿಲ್ಲ. “ನಿಮ್ಮ ಊರ ನೀರು ಇಳೀತಲ್ಲ, ಅಣ್ಣಾ,” ಎಂದು ಮಾತ್ರ ಹೇಳಿ, ಆ ಮಾಸಿದ ಸೀತಾಫಲಕ್ಕೆ ಪೂರ್ತಿ ಬೆಲೆಯನ್ನೇ ಕೊಡಿಸಿದಳು.

ರಾತ್ರಿ ಮನೆಗೆ ಬಂದಾಗ ಮುತ್ಯಾ ಕಟ್ಟೆಯ ಮೇಲೆ ಕಾಯುತ್ತ ಕುಳಿತಿದ್ದ.

“ಹೋಗಿ ಬಂದ್ಯಾ?”

“ಬಂದ್ನಿ. ಉಡಿ ತುಂಬಿ ಕಳಿಸಿದ್ರು,” ಎಂದು ಆಯಿ ಸೆರಗಿನ ಗಂಟನ್ನು ದೇವರ ಮುಂದಿಟ್ಟಳು. ಆ ವರ್ಷ ಕಾಲುವೆಗೆ ನೀರು ಬಂದಾಗ ಮುತ್ಯಾ ಆ ಹಳೆಯ ತಮಾಷೆ ಮಾಡಲಿಲ್ಲವೆಂದು ಕೇಳಿಕೆ.

ಸಂಸಾರ ಅದೇ ವರ್ಷ ಆಗಸ್ಟಿನಲ್ಲಿ ಮತ್ತೊಮ್ಮೆ ಬಂದಿತು. ಘಟ್ಟದಲ್ಲಿ ಮಳೆ ಹಿಡಿದು, ಹಿಡಕಲ್ ತುಂಬಿ, ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಜಲಪಾತದ ಸದ್ದು ಬಸ್ಸಿನ ರಸ್ತೆಯವರೆಗೆ ಕೇಳಿಸುತ್ತಿತ್ತು. ಪ್ರವಾಹದಲ್ಲಿ 177 ಮೀಟರು ಅಗಲವಾಗಿ, ಕೆಮ್ಮಣ್ಣಿನ ಬಣ್ಣ ಹೊತ್ತು ಹೊಳೆ ಇಡಿಯಾಗಿ ಕೆಳಗೆ ಬೀಳುವುದನ್ನು ನೋಡಿ ಹುಡುಗನಿಗೆ ಮಾತು ಹೊರಡಲಿಲ್ಲ. ಕ್ಯಾಲೆಂಡರು ಸುಳ್ಳು ಹೇಳಿರಲಿಲ್ಲ. ತಿಂಗಳನ್ನು ಮಾತ್ರ ಮುಚ್ಚಿಟ್ಟಿತ್ತು. ಕಟಕಟೆ ಹಿಡಿದು ನಿಂತ ಆಯಿಯ ಮುಖದ ಮೇಲೆ ತುಂತುರು ಬೀಳುತ್ತಿತ್ತು. ಆಕೆ ಅದನ್ನು ಒರೆಸಿಕೊಳ್ಳಲಿಲ್ಲ. ಅಷ್ಟು ಹೊತ್ತಿಗೆ ವಿಠ್ಠಲನ ಗುಡಿ ನೀರೊಳಗೆ ಹೋಗಿ ಎಷ್ಟೋ ದಿನವಾಗಿತ್ತು.

ಈ ಹೊಳೆಯನ್ನು ನೋಡುವವರು ಎರಡು ಸಲ ಬರಬೇಕು. ಮಿರಜ-ಲೋಂಡಾ ರೈಲುದಾರಿಯಲ್ಲಿ ಘಟಪ್ರಭಾ ನಿಲ್ದಾಣವಿದೆ. ಬೆಳಗಾವಿಯಿಂದ ಬಸ್ಸಿನಲ್ಲಿ ಬಂದರೆ ಗೋಕಾಕ ಸುಮಾರು 60 ಕಿಲೋಮೀಟರು. ಜುಲೈ, ಆಗಸ್ಟಿನಲ್ಲಿ ಜಲಪಾತ. ಜೊತೆಗೆ ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿಯೂ ಆಯಿತು. ಹೊಳೆ ತೀರ ಏರಿದಾಗ ತೂಗುಸೇತುವೆಯನ್ನು ಮುಚ್ಚುವುದುಂಟು. ಆಗ ಅಂಚಿಗೆ ಹೋಗುವ ಸಾಹಸ ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಹಿಡಕಲ್ಲಿನ ಗುಡಿ. ಒಂದನ್ನೇ ನೋಡಿದವರು ಹೊಳೆಯ ಅರ್ಧ ಕಥೆಯನ್ನು ಮಾತ್ರ ಕೇಳಿದಂತೆ.

ಬೆಂಗಳೂರಿಗೆ ಮರಳಿದ ಮೇಲೆ ಹುಡುಗ ಶಾಲೆಗೆಂದು ಪ್ರವಾಸದ ಪ್ರಬಂಧ ಬರೆದ. ತಲೆಬರಹ, ‘ನಾನು ನೋಡಿದ ದ್ವೀಪ’. ತಾಯಿ ತಪ್ಪು ತಿದ್ದಲು ಹಾಳೆ ತೆರೆದಾಗ ಅವನೇ ಆ ಕೊನೆಯ ಪದವನ್ನು ಹೊಡೆದುಹಾಕಿ ಮೇಲೆ ‘ಊರು’ ಎಂದು ಬರೆದಿದ್ದ. ಉಳಿದದ್ದರಲ್ಲಿ ಕಾಗುಣಿತದ ತಪ್ಪುಗಳು ಬೇಕಾದಷ್ಟಿದ್ದವು.